ತುಂಗಕ್ಕನ ಜ್ವರ

ಪುಸ್ತಕ ಓದುವವಳು ಎಂದು ಊರಿನಲ್ಲಿ ಒಮ್ಮೆ ಹೆಸರಾಗಿಬಿಟ್ಟರೆ ಆಮೇಲೆ ಓದದಿದ್ದರೂ ನಡೆಯುತ್ತದೆ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಹೊಸದುರ್ಗದ ಪಿಯು ಕಾಲೇಜಿಗೆ ಕನ್ನಡ ಉಪನ್ಯಾಸಕಿಯಾಗಿ ಸೇರಿದ ಮೊದಲ ವರ್ಷ ನಾನು ನಿಜವಾಗಿಯೂ ಓದುತ್ತಿದ್ದೆ. ಶ್ರೀರಾಂಪುರದಿಂದ ಹೋಗಿಬರುವ ಬಸ್ಸಿನಲ್ಲಿ ಓದುತ್ತಿದ್ದೆ, ಸ್ಟಾಫ್ ರೂಮಿನಲ್ಲಿ ಓದುತ್ತಿದ್ದೆ, ಪರೀಕ್ಷೆಯ ಕೊಠಡಿಯಲ್ಲಿ ಮೇಲ್ವಿಚಾರಣೆ ಮಾಡಬೇಕಾದ ಹೊತ್ತಿನಲ್ಲೂ ಓದಿ ಪ್ರಿನ್ಸಿಪಾಲರಿಂದ ಬೈಸಿಕೊಂಡಿದ್ದೆ. ಆ ಬೈಗುಳದ ಸುದ್ದಿ ಹರಡಿ ನನಗೆ 'ಓದೋ ಮೇಡಂ' ಎಂಬ ಹೆಸರು ಬಂತು. ಅಲ್ಲಿಂದ ಮುಂದೆ ಅಷ್ಟು ಕಷ್ಟಪಡಬೇಕಾಗಲಿಲ್ಲ. ಯಾರಾದರೂ ಒಂದು ಪುಸ್ತಕದ ಹೆಸರೆತ್ತಿದರೆ ಕಣ್ಣನ್ನು ಅರೆ ಮುಚ್ಚಿ "ಆಹಾ, ಅದರ ಭಾಷೆ" ಎಂದರೆ ಸಾಕಿತ್ತು. ಉಳಿದದ್ದನ್ನು ಎದುರಿನವರೇ ಹೇಳುತ್ತಿದ್ದರು. ನಾನು ತಲೆದೂಗುತ್ತಿದ್ದೆ.

ಹೀಗೆ ತಲೆದೂಗಿದ ಪುಸ್ತಕಗಳಲ್ಲಿ ಒಂದು ದಪ್ಪ ಕಾದಂಬರಿ. ಅದರ ಹೆಸರು ಹೇಳುವುದಿಲ್ಲ. ಹೇಳಿದರೆ ನನ್ನ ಹಳೆಯ ವಿದ್ಯಾರ್ಥಿಗಳು ಜಗಳಕ್ಕೆ ಬರುತ್ತಾರೆ. ರಸ್ತೆ ಪಕ್ಕದಲ್ಲಿ ಖಾನಾವಳಿ ನಡೆಸಿ ಮೂರು ಹೆಣ್ಣುಮಕ್ಕಳನ್ನು ಬೆಳೆಸುವ ತುಂಗಕ್ಕ ಎಂಬ ವಿಧವೆಯ ಕಥೆ ಅದು. "ತುಂಗಕ್ಕನನ್ನು ಓದದವರು ಹೆಣ್ಣಿನ ಬದುಕನ್ನು ಅರಿಯಲಾರರು" ಎಂದು ಏಳು ವರ್ಷ ತರಗತಿಯಲ್ಲಿ ಹೇಳುತ್ತಾ ಬಂದಿದ್ದೇನೆ. ನಾನು ಓದಿದ್ದು ಮುನ್ನುಡಿ, ಹಿಂಬದಿಯ ನಾಲ್ಕು ಸಾಲು, ಮೊದಲ ಅಧ್ಯಾಯ ಮತ್ತು ಒಮ್ಮೆ ಪುಸ್ತಕ ಕೈಯಿಂದ ಜಾರಿ ಬಿದ್ದಾಗ ತಾನಾಗಿ ತೆರೆದುಕೊಂಡ ನಡುವಿನ ಒಂದು ಪುಟ.

ಇದನ್ನೆಲ್ಲ ಸರಿಪಡಿಸಿಕೊಳ್ಳಲು ದೇವರು ಹೆರಿಗೆ ರಜೆ ಕೊಡುತ್ತಾನೆ ಎಂದು ನಾನು ನಂಬಿದ್ದೆ. ಕೂಸು ಎಂದರೆ ಹಾಲು ಕುಡಿಯುವುದು, ಮಲಗುವುದು, ಇಷ್ಟೇ ತಾನೆ. ಅದು ಮಲಗಿದಾಗ ನಾನು ಓದುವುದು. ತೊಟ್ಟಿಲಿನ ಪಕ್ಕಕ್ಕೆ ಒಂದು ಸ್ಟೂಲು ಹಾಕಿ ಅದರ ಮೇಲೆ ಹದಿನಾಲ್ಕು ಪುಸ್ತಕ ಪೇರಿಸಿಟ್ಟುಕೊಂಡೆ. ನೋಡಲು ಬಂದ ಸಹೋದ್ಯೋಗಿಗಳಲ್ಲಿ ಮಕ್ಕಳಿಲ್ಲದವರು ಅದನ್ನು ನೋಡಿ ಮೆಚ್ಚಿಕೊಂಡರು. ಮಕ್ಕಳಿದ್ದವರು ಮುಗುಳ್ನಕ್ಕರು. ಆ ನಗುವನ್ನು ನಾನು ಆಶೀರ್ವಾದ ಎಂದುಕೊಂಡೆ.

ಮಗಳಿಗೆ ಇಂಪನಾ ಎಂದು ಹೆಸರಿಟ್ಟೆವು. ಹೆಸರಿಡುವ ಮುಂಚೆ ಅವಳ ದನಿಯನ್ನು ಇನ್ನಷ್ಟು ದಿನ ಕೇಳಬೇಕಿತ್ತು. ಅವಳು ಅತ್ತರೆ ನಮ್ಮ ಬೀದಿಯ ನಾಯಿಗಳು ಎದ್ದು ಪಕ್ಕದ ಬೀದಿಗೆ ಹೋಗುತ್ತಿದ್ದವು. ನನ್ನ ಗಂಡ ಬಸವರಾಜ ಶ್ರೀರಾಂಪುರದ ಪಶು ಆಸ್ಪತ್ರೆಯಲ್ಲಿ ಜಾನುವಾರು ಪರೀಕ್ಷಕರು. ಹತ್ತು ವರ್ಷದಿಂದ ದನಕರುಗಳ ಜೊತೆ ಇದ್ದು ಇದ್ದು ಅವರಿಗೆ ಪ್ರಪಂಚವನ್ನು ಅಳೆಯುವ ಕೋಲು ಕರು. ಮಗಳು ಹುಟ್ಟಿದ ಮೂರನೇ ದಿನ ಅವಳನ್ನು ದಿಟ್ಟಿಸಿ ನೋಡಿ, "ಕರು ಆಗಿದ್ರೆ ಇಷ್ಟೊತ್ತಿಗೆ ಓಡಾಡ್ತಿತ್ತು" ಎಂದರು. ಮೂರನೇ ತಿಂಗಳಲ್ಲಿ, "ಕರು ಆಗಿದ್ರೆ ಹುಲ್ಲು ಮೂಸ್ತಿತ್ತು" ಎಂದರು. ಆಮೇಲೆ ನಾನು ಅವರ ಮುಖ ನೋಡಿದ ರೀತಿಗೆ ಐದನೇ ತಿಂಗಳಲ್ಲಿ ಏನೂ ಹೇಳಲಿಲ್ಲ.

ಮನೆ ನಿಂತಿದ್ದು ಅತ್ತೆಯಿಂದ. ಅತ್ತೆ ತಿಪ್ಪಮ್ಮ ಭರಮಸಾಗರದ ಹತ್ತಿರದ ಹಳ್ಳಿಯವರು. ಬಾಣಂತನಕ್ಕೆಂದು ಒಂದು ಚೀಲ ರಾಗಿ, ಎರಡು ಸೇರು ಶೇಂಗಾ, ಒಂದು ಬಾಟಲಿ ಹರಳೆಣ್ಣೆಯೊಂದಿಗೆ ಬಸ್ಸಿಳಿದವರು ಇಲ್ಲೇ ಉಳಿದರು. ಬಸವರಾಜ ಮೂರನೇ ಕ್ಲಾಸಿನಲ್ಲಿದ್ದಾಗಲೇ ಮಾವ ತೀರಿಕೊಂಡರಂತೆ. ಆಮೇಲೆ ಅತ್ತೆ ಹೊಲಗಳಿಗೆ ಕೂಲಿ ಹೋಗಿ, ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿ ಮಗನನ್ನು ಓದಿಸಿದರು. ಶಾಲೆಯಲ್ಲಿ ಇಪ್ಪತ್ತು ವರ್ಷ ಇದ್ದರೂ ಅಕ್ಷರ ಕಲಿಯಲಿಲ್ಲ. "ಒಲೆ ಮುಂದೆ ಕುಂತೋಳಿಗೆ ಬೋರ್ಡು ಕಾಣಾಕಿಲ್ಲ" ಎನ್ನುತ್ತಿದ್ದರು. ನನ್ನ ಮೇಲೆ ಪ್ರೀತಿ ಇತ್ತು, ನನ್ನ ಪುಸ್ತಕಗಳ ಮೇಲೆ ಇರಲಿಲ್ಲ. ಕಾರಣವೂ ಇತ್ತು. ಒಂದೇ ವಾರದಲ್ಲಿ ನಾನು ಒಲೆಯ ಮುಂದೆ ನಿಂತು ಓದುತ್ತಾ ಮೂರು ಸಲ ಹಾಲು ಉಕ್ಕಿಸಿದ್ದೆ. ಒಮ್ಮೆ ಕೂಸಿನ ರಾಗಿ ಸರಿ ತಳಹತ್ತಿ, ಅದನ್ನು ಕೆರೆದು ತೆಗೆಯಲು ಅತ್ತೆ ಒಂದು ಮಧ್ಯಾಹ್ನವೆಲ್ಲ ಪಾತ್ರೆ ಉಜ್ಜಿದ್ದರು. ಬೈಯಲಿಲ್ಲ. ಕೈ ಒರೆಸಿಕೊಂಡು ಬಂದು, "ಶೈಲಾ, ಕೈಯಾಗೆ ಪುಸ್ತಕ ಇದ್ರೆ ನಿಂಗೆ ಮೂಗೂ ಕೆಲಸ ಮಾಡಲ್ಲವ್ವ" ಎಂದಷ್ಟೇ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಇಂಥ ಸಮಯದಲ್ಲಿ ಹೊಸದುರ್ಗದ ಒಂದು ಮಹಿಳಾ ಬಳಗದಿಂದ ಫೋನು ಬಂತು. ಅವರ ವಾರ್ಷಿಕ ಸಭೆಯಲ್ಲಿ ನಾನು ಒಂದು ಕಾದಂಬರಿಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಬೇಕಂತೆ. ಯಾವ ಕಾದಂಬರಿ ಎಂದು ಕೇಳಿದೆ. "ನಿಮ್ಮ ಸ್ಟೂಡೆಂಟ್ಸ್ ಎಲ್ಲ ಹೇಳ್ತಿರ್ತಾರಲ್ಲ ಮೇಡಂ, ತುಂಗಕ್ಕನ ಕಥೆ" ಎಂದರು. ಬೇಡ ಎನ್ನಲು ನನ್ನ ಬಳಿ ಎಲ್ಲ ಕಾರಣಗಳೂ ಇದ್ದವು. ಆರು ತಿಂಗಳ ಕೂಸಿತ್ತು, ಅದಕ್ಕಾಗಿಯೇ ಹೆರಿಗೆ ರಜೆಯ ಮೇಲೆ ಇನ್ನೂ ಆರು ತಿಂಗಳು ಶಿಶುಪಾಲನಾ ರಜೆ ಹಾಕಿದ್ದೆ, ನಿದ್ದೆ ಇರಲಿಲ್ಲ, ನೆಟ್ಟಗೆ ಉಟ್ಟುಕೊಳ್ಳುವ ಒಂದು ಸೀರೆ ಇರಲಿಲ್ಲ. ಆದರೆ ಅವರು, "ಆಹ್ವಾನ ಪತ್ರಿಕೆಯಲ್ಲಿ ನಿಮ್ಮ ಫೋಟೋ ಹಾಕ್ತೀವಿ" ಎಂದರು. ನಾನು ಒಪ್ಪಿಕೊಂಡೆ. ಸಭೆಗೆ ಎರಡೂವರೆ ತಿಂಗಳಿತ್ತು, ಪುಸ್ತಕಕ್ಕೆ ನಾನೂರ ಅರವತ್ತು ಪುಟಗಳಿದ್ದವು.

ಮೊದಲ ಹದಿನೈದು ದಿನ ನಾನು ಓದಿದ್ದು ಹನ್ನೊಂದು ಪುಟ. ಅದರಲ್ಲಿ ನಾಲ್ಕು ಪುಟ ಒಂದೇ ಪುಟ. ಎಲ್ಲಿಗೆ ನಿಲ್ಲಿಸಿದ್ದೆ ಎಂದು ಮರೆತು ಮತ್ತೆ ಮತ್ತೆ ಓದಿದ್ದು. ಕೂಸು ಎದೆಗೊರಗಿ ಹಾಲು ಕುಡಿಯುವಾಗ ಓದಲು ನೋಡಿದೆ. ಅವಳು ಹಾಲು ಬಿಟ್ಟು ಪುಸ್ತಕದ ಮೂಲೆಗೆ ಬಾಯಿ ಹಾಕಿದಳು. ಬಚ್ಚಲಲ್ಲಿ ಬಟ್ಟೆ ನೆನೆಹಾಕುವ ನೆಪದಲ್ಲಿ ಚಿಲಕ ಹಾಕಿಕೊಂಡು ಓದಲು ನೋಡಿದೆ. ಎರಡು ದಿನಕ್ಕೊಮ್ಮೆ ಬರುವ ನಲ್ಲಿ ನೀರು ಆ ಹೊತ್ತಿಗೇ ಬಂದು ಬಕೆಟ್ಟು ತುಂಬಿ ಹರಿಯಿತು. ಎಲ್ಲಕ್ಕಿಂತ ಕಷ್ಟ ಕೂಸನ್ನು ಮಲಗಿಸುವುದು. ಸೀರೆಯ ಜೋಲಿಗೆ ಹಾಕಿ ತೂಗಿದರೆ ಸಾಲದು, ದನಿಯೂ ಬೇಕು. ನಾನು ಹಾಡಿದರೆ ಅವಳ ಅಳು ಜೋರಾಗುತ್ತಿತ್ತು. ನನ್ನ ಹಾಡು ಕೇಳಿದ ಯಾರಾದರೂ ಇದನ್ನು ಅವಳ ತಪ್ಪು ಎನ್ನಲಾರರು.

ಒಂದು ಮಧ್ಯಾಹ್ನ ಊಟವಾದ ಮೇಲೆ ಅವಳು ಹಟ ಹಿಡಿದಳು. ಒಂದು ಕೈಯಲ್ಲಿ ಜೋಲಿಯ ಹಗ್ಗ, ಇನ್ನೊಂದು ಕೈಯಲ್ಲಿ ಪುಸ್ತಕ, ಎರಡನ್ನೂ ಬಿಡಲು ಮನಸ್ಸಿಲ್ಲ. ಸಿಟ್ಟಿಗೋ ಸಂಕಟಕ್ಕೋ ನಾನು ಕಾದಂಬರಿಯನ್ನೇ ಗಟ್ಟಿಯಾಗಿ ಓದತೊಡಗಿದೆ. "ತುಂಗಕ್ಕ ಬಾಗಿಲು ತೆರೆದು ಹೊರಗೆ ಬಂದಾಗ ಲಾರಿಯವರು ಆಗಲೇ ಕಟ್ಟೆಯ ಮೇಲೆ ಕೂತಿದ್ದರು." ಕೂಸು ಅಳು ನಿಲ್ಲಿಸಿತು. ನಾಲ್ಕನೇ ಸಾಲಿಗೆ ಕಣ್ಣು ಮುಚ್ಚಿತು. ಕಾದಂಬರಿಕಾರನಿಗೆ ಇದು ಹೊಗಳಿಕೆಯೋ ತೆಗಳಿಕೆಯೋ ಗೊತ್ತಿಲ್ಲ, ನನಗೆ ಮಾತ್ರ ಆನಂದದಿಂದ ಕಣ್ಣು ತುಂಬಿತು. ನಿಲ್ಲಿಸಿದರೆ ಎದ್ದಾಳೆಂಬ ಹೆದರಿಕೆಯಿಂದ ಮುಂದುವರಿಸಿದೆ. ಅತ್ತೆ ಬಾಗಿಲ ಬಳಿ ಕೂತು ಶೇಂಗಾ ಸುಲಿಯುತ್ತಿದ್ದರು. ನಾನು ಅವರನ್ನು ಗಮನಿಸಲಿಲ್ಲ.

ಮರುದಿನ ಬೆಳಿಗ್ಗೆ ಕೂಸಿಗೆ ಎಣ್ಣೆ ಹಚ್ಚುತ್ತಾ, ಅದರ ಕಾಲು ನೀವುತ್ತಾ, ಯಾವುದೋ ನೆಂಟರ ಸುದ್ದಿ ಕೇಳುವ ಹಾಗೆ ಅತ್ತೆ ಕೇಳಿದರು. "ಅಲ್ಲ, ಆ ಲಾರಿಯೋರು ಊಟ ಮಾಡಿ ಹಂಗೇ ಎದ್ದು ಹೋದ್ರಾ?"

"ಯಾವ ಲಾರಿಯವರು ಅತ್ತೆ?"

"ಅದೇ ನಿನ್ನೆ ತುಂಗಕ್ಕನ ಮನೆಗೆ ಬಂದಿದ್ರಲ್ಲವ್ವ."

ನನಗೆ ನೆನಪಿರಲಿಲ್ಲ. ಕೂಸು ಮಲಗಿದ ಮೇಲೆ ನಾನು ಬಾಯಲ್ಲಿ ಓದುತ್ತಾ ತಲೆಯಲ್ಲಿ ಆಹ್ವಾನ ಪತ್ರಿಕೆಗೆ ಯಾವ ಫೋಟೋ ಕೊಡಲಿ ಎಂದು ಯೋಚಿಸುತ್ತಿದ್ದೆ. ನೋಡಿ ಹೇಳುತ್ತೇನೆ ಎಂದೆ. "ನೀನು ನೋಡಿ ಹೇಳೋದು ಬ್ಯಾಡ. ಓದು. ಪಾತ್ರೆ ನಾನು ತೊಳ್ಕಂತೀನಿ" ಎಂದರು.

ಅಂದಿನಿಂದ ನಮ್ಮ ಮನೆಯ ದಿನಚರಿಯೇ ಬದಲಾಯಿತು. ಮಧ್ಯಾಹ್ನ ಎರಡಕ್ಕೆ ಓದು ಎಂದಾದರೆ ಒಂದೂವರೆಗೆ ಪಾತ್ರೆ ಬೋರಲು ಬಿದ್ದಿರುತ್ತಿತ್ತು, ಒದ್ದೆ ಬಟ್ಟೆ ತಂತಿಯ ಮೇಲಿರುತ್ತಿತ್ತು, ನೆಲ ಒರೆಸಿ ಆಗಿರುತ್ತಿತ್ತು. ಬಸವರಾಜ ಊಟಕ್ಕೆ ಬರುವುದು ತಡವಾದರೆ ರೊಟ್ಟಿ ಮುಚ್ಚಿಟ್ಟ ಬುಟ್ಟಿ, ಪಲ್ಯದ ಬಟ್ಟಲು ಅಡುಗೆಮನೆ ಕಟ್ಟೆಯ ಮೇಲೆ ಕಾಯುತ್ತಿದ್ದವು. ಬಡಿಸಲು ಯಾರೂ ಏಳುತ್ತಿರಲಿಲ್ಲ. ಒಂದು ದಿನ ಅವರು ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು, "ಅವ್ವ, ಉಪ್ಪೆಲ್ಲಿ?" ಎಂದರು. ಅತ್ತೆ ತಿರುಗಿಯೂ ನೋಡದೆ, "ಸುಮ್ಕಿರಪ್ಪ, ಇಲ್ಲಿ ದೊಡ್ಡ ಮಗಳ ಮದುವೆ ಮುರ್ಕಂಡೈತೆ" ಎಂದರು. ಅವರು ಉಪ್ಪಿಲ್ಲದೇ ಉಂಡು ಹೋದರು.

ಕೂಸು ಮೂರು ಸಾಲಿಗೆ ಮಲಗುತ್ತಿತ್ತು. ನಾವು ಹತ್ತು ಪುಟ ಮುಂದೆ ಹೋಗುತ್ತಿದ್ದೆವು. ಅತ್ತೆ ಸುಮ್ಮನೆ ಕೇಳುವವರಲ್ಲ. ಕಾದಂಬರಿಕಾರನನ್ನು ಅವರು ಎದುರಿಗೇ ಕೂರಿಸಿಕೊಂಡವರಂತೆ ವಿಚಾರಿಸುತ್ತಿದ್ದರು. ತುಂಗಕ್ಕ ಮುದ್ದೆ ಮಾಡುವ ಪುಟ ಬಂದಾಗ ಕೈಯೆತ್ತಿ ನನ್ನನ್ನು ನಿಲ್ಲಿಸಿದರು. "ಈ ಬರೆದೋನು ಒಂದಿನನಾದ್ರೂ ಮುದ್ದೆ ತಿರುವಿದಾನಾ? ಎಸರು ಕುದಿಯಾಕೆ ಮುಂಚೆನೇ ಹಿಟ್ಟೆಲ್ಲ ಸುರಿಸ್ತಾನಲ್ಲ. ಗಂಟು ಕಟ್ಟಲ್ವಾ? ಅಷ್ಟು ಜನ ಲಾರಿಯೋರು ಆ ಗಂಟು ಮುದ್ದೆ ತಿಂದು ಮತ್ತೆ ಮತ್ತೆ ಬರ್ತಾರಾ?" ನಾನು ಪೆನ್ಸಿಲು ತೆಗೆದು ಅಂಚಿನಲ್ಲಿ 'ಗಂಟು' ಎಂದು ಬರೆದುಕೊಂಡೆ. ನೂರು ಪುಟ ದಾಟುವ ಹೊತ್ತಿಗೆ ಅಂಚಿನ ತುಂಬ ಇಂಥವೇ ಬರಹ. ನಾನು ಎಂಎ ಓದುವಾಗ ಕಲಿತ ವಿಮರ್ಶೆಯ ಮಾತುಗಳಲ್ಲಿ ಒಂದೂ ಅಲ್ಲಿರಲಿಲ್ಲ.

ಒಮ್ಮೆ ಗುಡ್ಡದ ವರ್ಣನೆ ನಾಲ್ಕು ಪುಟ ಬಂತು. ನಮ್ಮ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗುವುದನ್ನು ದಿನವೂ ನೋಡುವ ನನಗೆ ಇನ್ನೊಬ್ಬರ ಗುಡ್ಡ ಬೇಡವೆನಿಸಿತು. ಸದ್ದಿಲ್ಲದೆ ಹಾರಿಸಿದೆ. ಅತ್ತೆ ಒಂದು ಪುಟದಷ್ಟು ಹೊತ್ತು ಸುಮ್ಮನಿದ್ದು, "ಕಳೆದೋದ ಎತ್ತು ಗಾಡಿಗೆ ಹೆಂಗೆ ಕಟ್ಟಿದ್ರು?" ಎಂದರು. ತೆರೆದು ನೋಡಿದರೆ ಎತ್ತು ಸಿಕ್ಕಿದ್ದು ಆ ಗುಡ್ಡದಲ್ಲೇ. ತರಗತಿಯಲ್ಲಿ ಇಷ್ಟು ವರ್ಷ ಪಾಠ ಹಾರಿಸಿದ್ದೇನೆ, ಎಂಬತ್ತು ಮಕ್ಕಳಲ್ಲಿ ಒಬ್ಬರೂ ಹಿಡಿದಿರಲಿಲ್ಲ.

ತುಂಗಕ್ಕ ಕ್ರಮೇಣ ನಮ್ಮ ಮನೆಯವಳಾದಳು. ಅತ್ತೆ ಸೊಪ್ಪು ಸೋಸುತ್ತಾ, "ಪಾಪ, ನಮ್ಮ ತುಂಗಕ್ಕ ಈ ಮಳೇಲಿ ಸೌದೆಗೆ ಏನ್ಮಾಡ್ತಾಳೋ" ಎನ್ನುವರು. ಗಂಡ ಸತ್ತ ವರ್ಷ ತುಂಗಕ್ಕನನ್ನು ಬಂಧುಗಳು ಮದುವೆ ಮನೆಗಳಿಗೆ ಕರೆಯದೇ ಹೋದ ಅಧ್ಯಾಯ ಓದಿದ ದಿನ ಸಂಜೆ ಅವರು ಕೂಸನ್ನು ಎತ್ತಿಕೊಂಡು ಅಂಗಳದಲ್ಲಿ ಬಹಳ ಹೊತ್ತು ಓಡಾಡಿದರು. ಆಮೇಲೆ ಒಳಗೆ ಬಂದು, "ನಂಗೂ ಕರೀಲಿಲ್ಲ" ಎಂದರು. ಹತ್ತು ವರ್ಷ ಅವರ ಸೊಸೆಯಾಗಿದ್ದೇನೆ. ಇದನ್ನು ಅವರು ನನಗೆ ಹೇಳಿದ್ದು ಅದೇ ಮೊದಲು.

ಇಂಥ ತುಂಗಕ್ಕನಿಗೆ ಜ್ವರ ಬಂತು.

ಜ್ವರ ಬಂದಲ್ಲಿಗೆ ಅಧ್ಯಾಯ ಮುಗಿದಿತ್ತು. ಅತ್ತೆಗೆ ಅಂದು ಊಟ ಸೇರಲಿಲ್ಲ. "ಅಮೃತಬಳ್ಳಿ ಕಷಾಯ ಕೊಟ್ರೆ ಎದ್ದು ಕುಂತ್ಕಂತಾಳೆ. ಆ ಮೂರು ಹುಡುಗೇರಿಗೆ ಅಷ್ಟೂ ಗೊತ್ತಾಗಲ್ವಾ? ಬರೆದೋನಿಗಾದ್ರೂ ಗೊತ್ತಾಗಬ್ಯಾಡ್ವಾ?" ಎಂದು ಗೊಣಗುತ್ತಲೇ ಇದ್ದರು. ಮರುದಿನ ಬೆಳಿಗ್ಗೆ ಅವರು ಕೂಸಿಗೆ ಸ್ನಾನ ಮಾಡಿಸುತ್ತಿದ್ದಾಗ ನಾನು ಕಳ್ಳಿಯ ಹಾಗೆ ಮುಂದಿನ ಅಧ್ಯಾಯ ತೆರೆದೆ. ತುಂಗಕ್ಕ ಸತ್ತಿದ್ದಳು. ಅದೂ ಎಂಥ ಸಾವು, ಆರು ಪುಟ. ಒಳಗಿಂದ ಅತ್ತೆ ಕೂಸಿನ ಮೇಲೆ ನೀರು ಹುಯ್ಯುತ್ತಾ ಅದಕ್ಕೆ ತುಂಗಕ್ಕನ ಕಥೆಯನ್ನೇ ಹೇಳುತ್ತಿದ್ದುದು ಕೇಳುತ್ತಿತ್ತು. ನಾನು ಕಣ್ಣೊರೆಸಿಕೊಂಡು ಪುಟಗಳ ನಡುವೆ ಗುರುತಿಗೆ ಇಟ್ಟಿದ್ದ ಕೂಸಿನ ಕಾಲುಚೀಲವನ್ನು ಮೊದಲಿದ್ದಲ್ಲೇ ಇಟ್ಟೆ.

ಮಧ್ಯಾಹ್ನ ಎರಡಕ್ಕೆ ಅತ್ತೆ ಬಂದು ಕೂತರು. ನಾನು ಪುಸ್ತಕ ತೆರೆದೆ. ಬಾಯಿ ತೆರೆದೆ. ಅಕ್ಷರ ಒಂದಿತ್ತು, ನನ್ನ ಬಾಯಿಂದ ಬಂದದ್ದು ಇನ್ನೊಂದು. "ಆಗ ಕಿರಿಯ ಮಗಳು ಬೇಲಿಯ ಮೇಲಿದ್ದ ಅಮೃತಬಳ್ಳಿಯನ್ನು ಕಂಡಳು" ಎಂದೆ. ಅತ್ತೆ, "ಹಾಂ, ಹಂಗೆ ಬಾ ದಾರಿಗೆ" ಎಂದರು. ನನಗೆ ಧೈರ್ಯ ಬಂತು. ಕಷಾಯ ಕುದಿಸಿದೆ, ಕುಡಿಸಿದೆ, ಬೆವರು ಬರಿಸಿದೆ, ಗಂಜಿ ಉಣ್ಣಿಸಿದೆ. ಸಂಜೆಯ ಹೊತ್ತಿಗೆ ತುಂಗಕ್ಕ ಗೋಡೆಗೊರಗಿ ಕೂತು ಲಾರಿಯವರಿಗೆ ಊಟವಾಯಿತೇ ಎಂದು ಕೇಳಿದಳು. ನನ್ನ ಹೆಗ್ಗಳಿಕೆಯಲ್ಲ, ಆ ಸಾಲನ್ನು ನಾನು ಎರಡು ಸಲ ಹೇಳಿದೆ.

ಸತ್ತವಳನ್ನು ಬದುಕಿಸುವುದು ಕಷ್ಟವಲ್ಲ. ಬದುಕಿದವಳಿಗೆ ಕೆಲಸ ಕೊಡುವುದು ಕಷ್ಟ. ಪುಸ್ತಕದಲ್ಲಿ ಇನ್ನೂ ಎರಡು ಅಧ್ಯಾಯಗಳಿದ್ದವು, ಅವುಗಳಲ್ಲಿ ತುಂಗಕ್ಕ ಇರಲಿಲ್ಲ. ಮಕ್ಕಳು ಮೂವರೂ ಕೂತು ಮಾತಾಡುವ ಕಡೆಯೆಲ್ಲ ನಾನು ಅವಳನ್ನೂ ಮೂಲೆಯಲ್ಲಿ ಕೂರಿಸಿ ಆಗಾಗ "ಹೂಂ" ಎನಿಸಿದೆ. ಅತ್ತೆಗೆ ಅನುಮಾನ ಬಂದು, "ಯಾಕೆ ಇಷ್ಟು ಮೆತ್ತಗಾದ್ಲು?" ಎಂದಾಗ ಜ್ವರದ ನಿಶ್ಶಕ್ತಿ ಎಂದೆ. ಹನ್ನೊಂದನೇ ದಿನದ ತಿಥಿ ಬಂದಾಗ ಅದನ್ನು ನಡುವಿನ ಮಗಳ ಕೂಸಿನ ನಾಮಕರಣ ಮಾಡಿದೆ. ನೆಂಟರು ಅವರೇ, ಪಂಕ್ತಿ ಅದೇ, ಪಾಯಸವೂ ಅದೇ. ಕಾದಂಬರಿ ಮುಗಿಯಿತು. ಅತ್ತೆ ನಿಟ್ಟುಸಿರು ಬಿಟ್ಟು, "ಚೆನ್ನಾಗಾತು" ಎಂದು ಎದ್ದು ಬಟ್ಟೆ ತೆಗೆಯಲು ಹೋದರು. ನಾನು ಗೆದ್ದೆ ಎಂದುಕೊಂಡೆ.

ಸಭೆಗೆ ಮೂರು ದಿನ ಇದ್ದಾಗ ಅತ್ತೆ ಟ್ರಂಕಿನಿಂದ ತಮ್ಮ ಹಸಿರು ಇಳಕಲ್ ಸೀರೆ ತೆಗೆದು ಬಿಸಿಲಿಗೆ ಹಾಕಿದರು. ಯಾಕೆ ಎಂದು ಕೇಳಿದೆ. "ತುಂಗಕ್ಕನ ಬಗ್ಗೆ ಹೇಳಾಕೆ ಹೋಗ್ತೀಯಲ್ಲ, ನಾನೂ ಬರ್ತೀನಿ" ಎಂದರು. ಸಭೆಯಲ್ಲಿ ತುಂಗಕ್ಕನ ಸಾವಿನ ಮಾತು ಬರದೇ ಇರುವುದಿಲ್ಲ. ಗಂಡನಿಗೆ ಎಲ್ಲ ಹೇಳಿಕೊಂಡೆ. ಅವರು ನಗುವುದನ್ನು ಮುಗಿಸಲು ಸ್ವಲ್ಪ ಹೊತ್ತು ತೆಗೆದುಕೊಂಡು, "ಎಮ್ಮೆ ಸತ್ತದ್ದನ್ನ ಯಜಮಾನರಿಗೆ ಎಷ್ಟು ಸಲ ಹೇಳಿದೀನಿ ಗೊತ್ತಾ? ನೇರ ಹೇಳಿಬಿಡಬೇಕು" ಎಂದರು.

"ನೇರ ಹೇಳಿದ್ರೆ ಏನಂತಾರೆ?"

"ನನ್ನನ್ನೇ ಬೈತಾರೆ."

ಹೀಗೆ ಧೈರ್ಯ ಹೇಳಿ ಅವರು ಡ್ಯೂಟಿಗೆ ಹೋದರು. ನಾನು ಅತ್ತೆಗೆ ಹೇಳಲಿಲ್ಲ.

ಸಭೆಯ ದಿನ ಬೆಳಿಗ್ಗೆ ಶ್ರೀರಾಂಪುರದಿಂದ ಬಸ್ಸು ಹತ್ತಿದೆವು. ಸಭಾಂಗಣದಲ್ಲಿ ಅರವತ್ತು ಎಪ್ಪತ್ತು ಮಂದಿ ಹೆಂಗಸರು. ಅಧ್ಯಕ್ಷತೆ ಸರೋಜಮ್ಮ ಮೇಡಂ ಅವರದು. ನಿವೃತ್ತ ಮುಖ್ಯೋಪಾಧ್ಯಾಯಿನಿ, ಕಾದಂಬರಿಯನ್ನು ಎರಡು ಸಲ ಓದಿದ್ದೇನೆ ಎಂದು ಬಂದ ಕೂಡಲೇ ನನಗೆ ಹೇಳಿದರು. ಅತ್ತೆ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲನೇ ಸಾಲಿನ ನಡುವಿನ ಕುರ್ಚಿಯಲ್ಲಿ ಕೂತರು, ಮದುವೆಯಲ್ಲಿ ಹುಡುಗಿಯ ಕಡೆಯವರು ಕೂರುವ ಹಾಗೆ.

ನಾನು ಬರೆದುಕೊಂಡು ಬಂದಿದ್ದ ಭಾಷಣದಲ್ಲಿ ಸಾವಿನ ಬಗ್ಗೆಯೇ ಮೂರು ಪುಟ ಇತ್ತು. ಅದನ್ನು ಮಡಿಸಿ ಬ್ಯಾಗಿಗೆ ತುರುಕಿದೆ. ಮುಕ್ಕಾಲು ಗಂಟೆ ತುಂಬಿಸಬೇಕಲ್ಲ, ಪುಸ್ತಕದ ಅಂಚು ನೋಡಿಕೊಂಡು ಮಾತಾಡಿದೆ. ಗಂಟು ಮುದ್ದೆಯ ಬಗ್ಗೆ ಹೇಳಿದೆ. ಬಾವಿ ಇಲ್ಲದ ಕಡೆ ಖಾನಾವಳಿ ಇಟ್ಟವಳು ದಿನಕ್ಕೆ ಎಷ್ಟು ಕೊಡ ಹೊತ್ತಿರಬೇಕು, ಅದನ್ನು ಬರೆದವನು ಯಾಕೆ ಬರೆಯಲಿಲ್ಲ ಎಂದು ಕೇಳಿದೆ. ಹೆಂಗಸರು ಮೊದಲು ನಕ್ಕರು, ಆಮೇಲೆ ತಲೆದೂಗಿದರು, ಆಮೇಲೆ ತಮ್ಮತಮ್ಮಲ್ಲೇ ಮಾತಾಡತೊಡಗಿದರು. ನನ್ನ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಮಾತಾಡಿರಲಿಲ್ಲ, ಅದರಲ್ಲಿ ನನ್ನ ಮಾತು ಒಂದೂ ಇರಲಿಲ್ಲ. "ಕೊನೆಯನ್ನು ಮಾತ್ರ ನಾನು ಹೇಳುವುದಿಲ್ಲ, ನೀವೇ ಓದಬೇಕು" ಎಂದು ಕೈಮುಗಿದೆ. ಚಪ್ಪಾಳೆ ಬಿತ್ತು.

ಆಗ ಸರೋಜಮ್ಮ ಮೇಡಂ ಎದ್ದರು. "ಉಪನ್ಯಾಸ ಬಹಳ ಚೆನ್ನಾಗಿತ್ತು. ಆದರೆ ಇಡೀ ಕಾದಂಬರಿಯ ಜೀವ ಇರೋದು ತುಂಗಕ್ಕನ ಸಾವಿನಲ್ಲಿ. ಶೈಲಾ ಅವರು ಅದನ್ನ ಯಾಕೆ ಮುಟ್ಟಲೇ ಇಲ್ಲ ಅಂತ ನನಗೆ ಅರ್ಥ ಆಗಲಿಲ್ಲ. ಈಗಲಾದರೂ ಎರಡು ಮಾತು ಹೇಳಲಿ" ಎಂದು ಮೈಕನ್ನು ನನ್ನ ಕಡೆ ತಳ್ಳಿದರು.

ನಾನು ಮೈಕು ಹಿಡಿದೆ. ಮೊದಲ ಸಾಲಿನ ಕಡೆ ನೋಡಲಾಗಲಿಲ್ಲ. ಸತ್ತಳು ಎಂದರೆ ಅತ್ತೆಗೆ ಏನಾಗುತ್ತದೋ, ಸತ್ತಿಲ್ಲ ಎಂದರೆ ಸಭೆಯಲ್ಲಿ ನಾನೇನಾಗುತ್ತೇನೋ. ಆ ಹೊತ್ತಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಅತ್ತೆ ಕೂಸನ್ನು ಸೊಂಟಕ್ಕೇರಿಸಿಕೊಂಡು ಎದ್ದು ನಿಂತಿದ್ದರು.

"ಅಮ್ಮಾರೆ, ನಿಮ್ಮ ಪುಸ್ತಕದಾಗೆ ಸತ್ತಿರಬಹುದು. ನಮ್ಮನೇಲಿ ಅವ್ಳು ಸತ್ತಿಲ್ಲ" ಎಂದರು.

ಸಭೆ ಗೊಳ್ಳೆಂದು ನಕ್ಕಿತು. ಸರೋಜಮ್ಮ ಮೇಡಂ ಕನ್ನಡಕ ತೆಗೆದು ಅತ್ತೆಯನ್ನು ನೋಡಿ, "ಸಾಯದೆ ಮತ್ತೇನಾದಳಮ್ಮ?" ಎಂದು ಕೇಳಿದರು. ಅತ್ತೆ ಹೇಳಿದರು. ಬೇಲಿಯ ಮೇಲಿನ ಅಮೃತಬಳ್ಳಿಯಿಂದ ಹಿಡಿದು ನಾಮಕರಣದ ಪಾಯಸದ ತನಕ, ಕೂಸನ್ನು ತಟ್ಟುತ್ತಾ, ಮೈಕಿಲ್ಲದೆ, ಹಿಂದಿನ ಸಾಲಿಗೂ ಕೇಳುವ ಹಾಗೆ ಹೇಳಿದರು. ನಾನು ಹೇಳದೇ ಇದ್ದದ್ದನ್ನೂ ಸೇರಿಸಿದರು. ಅವರ ಕಥೆಯಲ್ಲಿ ತುಂಗಕ್ಕ ಮೂಲೆಯಲ್ಲಿ "ಹೂಂ" ಎನ್ನುತ್ತಾ ಕೂರಲಿಲ್ಲ. ಎದ್ದ ಮೂರನೇ ದಿನಕ್ಕೆ ಬಾವಿ ತೋಡಿಸಲು ಜನ ಕರೆಸಿದಳು. ಮುಗಿದಾಗ ಸರೋಜಮ್ಮ ಮೇಡಂ, "ನಾನು ಎರಡು ಸಲ ಓದಿದೀನಿ. ಎರಡು ಸಲವೂ ಇದೇ ಆಗಲಿ ಅಂತ ಅಂದ್ಕೊಂಡಿದ್ದೆ" ಎಂದು ಕೂತರು. ಆಮೇಲೆ ಬಿದ್ದ ಚಪ್ಪಾಳೆಯನ್ನು ನನ್ನ ಚಪ್ಪಾಳೆಯ ಜೊತೆ ಹೋಲಿಸಲು ನನಗೆ ಮನಸ್ಸಿಲ್ಲ. ಕೂಸು ಆ ಗದ್ದಲದಲ್ಲೂ ಅತ್ತೆಯ ಹೆಗಲ ಮೇಲೆ ನಿದ್ದೆ ಹೋಗಿತ್ತು.

ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಅತ್ತೆಯನ್ನು ಕೂರಿಸಿ, ಸ್ವಲ್ಪ ದೂರ ಬಂದ ಮೇಲೆ ಗಟ್ಟಿ ಮನಸ್ಸು ಮಾಡಿದೆ. "ಅತ್ತೆ, ಒಂದು ತಪ್ಪಾಗಿದೆ. ಪುಸ್ತಕದಲ್ಲಿ ತುಂಗಕ್ಕ ನಿಜವಾಗಿಯೂ..."

"ಗೊತ್ತೈತೆ ಬಿಡವ್ವ" ಎಂದರು.

"ಹೇಗೆ ಗೊತ್ತು?"

"ಆವತ್ತು ಒಂದು ತಾಸು ಓದಿದೆಯಲ್ಲ, ಒಂದು ಹಾಳೆನಾದ್ರೂ ತಿರುವಿದ್ಯಾ? ಅದೂ ಅಲ್ದೆ, ಅಮೃತಬಳ್ಳಿ ವಿಷಯ ನಾನು ಹಿಂದಿನ ದಿನ ಹೇಳಿದ್ದು. ಆ ಬರೆದೋನಿಗೆ ಅಷ್ಟು ಬೇಗ ಯಾರು ಹೋಗಿ ಹೇಳಿದ್ರು?"

ನಾನು ಮುಖ ಎತ್ತದೆ ಕೇಳಿದೆ. "ಮತ್ತೆ ಸಭೆಯಲ್ಲಿ ಯಾಕೆ ಹಾಗೆ ಹೇಳಿದಿರಿ?"

"ನೀನು ಮೈಕ್ ಹಿಡ್ಕಂಡು ಮಳೇಲಿ ನೆಂದ ಗುಬ್ಬಿ ಹಂಗೆ ನಿಂತಿದ್ದೆ. ನಮ್ಮನೆ ಹೆಣ್ಣುಮಗಳನ್ನ ಅಷ್ಟು ಜನದ ಮುಂದೆ ಹಂಗೆ ಬಿಡಾಕಾಗ್ತದಾ?" ಎಂದು ಕೂಸಿನ ಟೋಪಿ ಸರಿಮಾಡಿದರು. ಆಮೇಲೆ ಹೇಳಿದರು. "ನಂಗೋಸ್ಕರ ಸುಳ್ಳು ಹೇಳಿದ್ಯಲ್ಲ, ಅದು ಚಂದಿತ್ತು. ಈಗ ನಿಜ ಓದು. ಸತ್ತೋರನ್ನ ಸರಿಯಾಗಿ ಕಳಿಸ್ಬೇಕು. ಇಲ್ಲಾಂದ್ರೆ ಮನ್ಸಿಗೆ ಸಮಾಧಾನ ಆಗಲ್ಲ."

ಮರುದಿನ ಮಧ್ಯಾಹ್ನ ಆ ಆರು ಪುಟ ಓದಿದೆ. ಈ ಸಲ ಅಕ್ಷರ ಬಿಡದೆ, ಹಾಳೆ ತಿರುವುತ್ತಾ. ಅತ್ತೆ ಸೆರಗಿನ ತುದಿಯನ್ನು ಕಣ್ಣಿಗೆ ಒತ್ತಿಕೊಂಡು ಕೇಳಿದರು. ನಡುವೆ ಒಂದೂ ಪ್ರಶ್ನೆ ಕೇಳಲಿಲ್ಲ. ಮುಗಿದ ಮೇಲೆ, "ಚೆನ್ನಾಗಿ ಬರೆದಾನೆ. ಮುದ್ದೆ ಗೊತ್ತಿಲ್ಲ, ಆದ್ರೆ ಸಾವು ಗೊತ್ತೈತೆ" ಎಂದರು. ಕಾದಂಬರಿಯ ಬಗ್ಗೆ ನಾನು ಓದಿರುವ ವಿಮರ್ಶೆಗಳಲ್ಲಿ ಇದಕ್ಕಿಂತ ನ್ಯಾಯವಾದದ್ದನ್ನು ಕಂಡಿಲ್ಲ. ಓದಿರುವ ಎಂದರೆ ಈ ಸಲ ನಿಜವಾಗಿಯೂ ಓದಿರುವ.

ಈಗ ಸ್ಟೂಲಿನ ಮೇಲಿನ ಹದಿನಾಲ್ಕು ಪುಸ್ತಕದಲ್ಲಿ ಐದು ಮುಗಿದಿವೆ. ಎದುರುಮನೆಯ ಇಬ್ಬರು ಹೆಂಗಸರೂ ತಮ್ಮ ಅವರೆಕಾಯಿ, ಸೊಪ್ಪಿನ ಮೊರಗಳೊಂದಿಗೆ ಎರಡು ಗಂಟೆಗೆ ಬಂದು ಕೂರುತ್ತಾರೆ. ಇಂಪನಾ ಗೋಡೆ ಹಿಡಿದು ನಿಲ್ಲಲು ಕಲಿತಿದ್ದಾಳೆ. ಅವಳ ಅಪ್ಪ ಕರುವಿನ ಮಾತು ಬಿಟ್ಟಿದ್ದಾರೆ, ಕರುಗಳಿಗೇ "ನಮ್ಮ ಮಗಳು ನಿನಗಿಂತ ಜೋರು" ಎನ್ನುತ್ತಾರಂತೆ.

ಹೋದ ವಾರ ಮಹಿಳಾ ಬಳಗದಿಂದ ಮತ್ತೆ ಫೋನು ಬಂತು. ಈ ಸಲ ಹೊಳಲ್ಕೆರೆಯಲ್ಲಿ ದೊಡ್ಡ ಕಾರ್ಯಕ್ರಮವಂತೆ. ನಾನು ಗಂಟಲು ಸರಿಮಾಡಿಕೊಂಡು ಯಾವ ಕೃತಿಯ ಬಗ್ಗೆ ಮಾತಾಡಬೇಕೆಂದು ಕೇಳಿದೆ. ಆ ಕಡೆಯವರು ಬಹಳ ಸಂಕೋಚದಿಂದ, "ಮೇಡಂ, ನಿಮ್ಮ ಅತ್ತೆಯವರು ಇದ್ದಾರಾ? ಅವರ ಹತ್ರ ಮಾತಾಡಬೇಕಿತ್ತು" ಎಂದರು. ಅತ್ತೆ ಬಟ್ಟೆ ಹಿಂಡುವುದನ್ನು ಬಿಟ್ಟು ಬಂದು, ಕೈ ಒರೆಸಿಕೊಂಡು ಫೋನು ಹಿಡಿದು, ಎರಡು ಮೂರು ಸಲ "ಆತು, ಆತು" ಎಂದು ಇಟ್ಟರು. ಏನಂತೆ ಎಂದು ಕೇಳಿದೆ.

"ಫೋಟೋ ಕೊಡ್ಬೇಕಂತೆ" ಎಂದರು. ಮತ್ತೆ ನನ್ನ ಮುಖ ನೋಡಿ, ಸಮಾಧಾನ ಮಾಡುವ ದನಿಯಲ್ಲಿ, "ನೀನೂ ಬಾರವ್ವ. ನಾನು ಮಾತಾಡೋವಾಗ ಇಂಪನಾನ ಎತ್ಕಳಾಕೆ ಒಬ್ರು ಬೇಕಲ್ಲ" ಎಂದರು.

ನಾನು ಹೋಗಿ ಉಳಿದ ಬಟ್ಟೆ ಹಿಂಡಿದೆ.